ಮೊದಲು ನಳ ಕೊಡಿ, ಆಮೇಲೆ ಕರ ಕೇಳಿ

ಮೊನ್ನೆ ಸಿಂದಗಿ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಪರಿಚಯದ ಕಾಕಾ ಒಬ್ಬರು ಸಿಕ್ಕರು. ಪಟ್ಟಣದ ಹದ್ದಿಗೆ ಅಂಟಿಕೊಂಡ ಹಳ್ಳಿಯವರು. ಹೆಸರು, ಊರು ಎರಡೂ ಇಲ್ಲಿ ಬೇಡ.

"ಏನ್ ತಮ್ಮಾ, ನಮ್ಮೂರು ಮುನ್ಸಿಪಾಲ್ಟಿಗಿ ಸೇರಸ್ತಾರಂತಲ್ಲ, ಖರೇ ಏನು?"

"ಮಾತು ವರ್ಷಾ ಇರ್ತಾವ್ರಿ ಕಾಕಾ. ಕಾಗದ ಬಂದಿಲ್ಲ."

"ಬರಲಿ ಬಿಡು, ಚೊಲೋನ ಆತು. ಪ್ಲಾಟಿನ ರೇಟ ಏರ್ತಾವ."

"ನಿಮ್ಮವು ಪ್ಲಾಟ್ ಎಷ್ಟದಾವ್ರಿ?"

ಕಾಕಾ ನಕ್ಕರು. "ನಮ್ಮದೆಲ್ಲೀ ಪ್ಲಾಟು? ಇರೂದೊಂದು ಮನಿ."

ಅಲ್ಲಿಗೆ ಮಾತು ಮುಗಿಯಿತು. ಆದರೆ ಮನೆಗೆ ಬಂದ ಮೇಲೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ರೇಟ್ ಏರಿದರೆ ಲಾಭ ಮಾರುವವನಿಗೆ. ಇರುವ ಒಂದೇ ಮನೆಯಲ್ಲಿ ಬದುಕುವವನಿಗೆ ರೇಟ್ ಏರುವುದೆಂದರೆ ಕರ ಏರುವುದು, ಬೇರೇನೂ ಅಲ್ಲ. ಇದನ್ನು ಆ ಕಾಕಾಗೆ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ. ಹಳ್ಳಿಯೊಂದನ್ನು ಪಟ್ಟಣಕ್ಕೆ ಸೇರಿಸುವ ಸುದ್ದಿ ಬಂದಾಗಲೆಲ್ಲ ನಮ್ಮಂಥ ವರದಿಗಾರರು ಬರೆಯುವುದು ಒಂದೇ ಸಾಲು: 'ಗ್ರಾಮದ ಅಭಿವೃದ್ಧಿಗೆ ಹೊಸ ದಾರಿ'. ನಾನೂ ಅಂಥದ್ದನ್ನು ಬರೆದಿದ್ದೇನೆ, ಒಂದು ಕಾಲಂ, ಜೊತೆಗೆ ಸಿಹಿ ಹಂಚುವ ಫೋಟೊ. ಈ ಲೇಖನ ಅದಕ್ಕೆ ತಿದ್ದುಪಡಿ ಎಂದುಕೊಳ್ಳಿ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಆಲಮೇಲ, ದೇವರಹಿಪ್ಪರಗಿ, ಮನಗೂಳಿ, ನಿಡಗುಂದಿ, ಕೊಲ್ಹಾರ, ಚಡಚಣ ನಮ್ಮ ಕಣ್ಣೆದುರೇ ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿ ಆದವು. ಈಗ ದೊಡ್ಡ ಊರುಗಳ ಸುತ್ತಲಿನ ಹಳ್ಳಿಗಳ ಸರದಿ. ಕಾರಣ ಸರಳ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ 20 ಸಾವಿರದಿಂದ 50 ಸಾವಿರ ಜನ ಇದ್ದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. 2011ರ ಜನಗಣತಿಯಲ್ಲಿ ಸಿಂದಗಿ ಪಟ್ಟಣದ ಜನಸಂಖ್ಯೆ ಸುಮಾರು 37 ಸಾವಿರ. ಅದಾದ ಮೇಲೆ ದೇಶದಲ್ಲಿ ಜನಗಣತಿಯೇ ಮುಗಿದಿಲ್ಲ. ಇಂಥ ಊರಿನ ದರ್ಜೆ ಏರಿಸಬೇಕೆಂದರೆ ತಲೆ ಬೇಕು. ತಲೆಗಳು ಪಕ್ಕದ ಹಳ್ಳಿಯಲ್ಲಿವೆ. ದರ್ಜೆ ಏರಿದರೆ ಅನುದಾನ, ಹುದ್ದೆ, ಕಚೇರಿ ಎಲ್ಲ ಪಟ್ಟಣಕ್ಕೆ. ತಲೆ ಕೊಟ್ಟ ಹಳ್ಳಿಗೆ ಏನು? ಅದರ ಲೆಕ್ಕ ನೋಡೋಣ.

ಮೊದಲು ಹೋಗುವುದು. ಇದು ಅಧಿಸೂಚನೆ ಹೊರಟ ಕೂಡಲೇ ಹೋಗುತ್ತದೆ.

ಉದ್ಯೋಗ ಖಾತ್ರಿ ಹೋಗುತ್ತದೆ. 2025-26ಕ್ಕೆ ನಮ್ಮ ರಾಜ್ಯದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ನೂರು ದಿನ ದುಡಿದ ಮನೆಗೆ 37 ಸಾವಿರ. ಕಾಯ್ದೆಯ ಹೆಸರು ಬದಲಾಗಲಿ, ದಿನ ಹೆಚ್ಚಾಗಲಿ, ಅದು ಗ್ರಾಮೀಣ ಭಾಗಕ್ಕೆ ಮಾತ್ರ. ಹೊಲದ ಬದು, ಕೃಷಿ ಹೊಂಡ, ದನದ ಕೊಟ್ಟಿಗೆ ಎಲ್ಲ ಅದರಲ್ಲೇ ಆಗುತ್ತಿದ್ದವು. ಪುಣೆ, ಗೋವಾ, ಮುಂಬೈಗೆ ಗುಳೆ ಹೋಗುವ ನಮ್ಮ ತಾಲೂಕಿನಲ್ಲಿ ಈ ದುಡ್ಡು ಎಷ್ಟು ಮನೆಗಳನ್ನು ಊರಲ್ಲೇ ಹಿಡಿದಿಟ್ಟಿದೆ ಎಂಬುದು ಬೇಸಿಗೆಯಲ್ಲಿ ಕೆಲಸದ ಜಾಗಕ್ಕೆ ಹೋದವರಿಗೆ ಗೊತ್ತು. ಗಡಿ ಗೆರೆ ಬದಲಾದ ಮಾತ್ರಕ್ಕೆ ಕೂಲಿಕಾರ ನೌಕರಿದಾರ ಆಗುವುದಿಲ್ಲ. ಅವನ ಜಾಬ್ ಕಾರ್ಡ್ ಮಾತ್ರ ರದ್ದಿ ಕಾಗದ ಆಗುತ್ತದೆ.

ಜಲ ಜೀವನ ಮಿಷನ್ ಕೂಡ ಹಳ್ಳಿಯ ಯೋಜನೆ. 2019ರಲ್ಲಿ ಶುರುವಾದದ್ದು, ಗುರಿ ಮನೆಗೊಂದು ನಳ, ತಲೆಗೆ ದಿನಕ್ಕೆ 55 ಲೀಟರ್. ಪೈಪ್ ಹಾಕಿ ರಸ್ತೆ ಅಗೆದು ಬಿಟ್ಟಿರುವ ಊರು ನಡುವೆಯೇ ಪಟ್ಟಣ ಸೇರಿದರೆ ಯಾರ ಬಾಗಿಲು ಬಡಿಯಬೇಕು? ಗ್ರಾಮೀಣ ಕುಡಿಯುವ ನೀರಿನ ಇಲಾಖೆ "ಈಗ ನೀವು ನಮ್ಮವರಲ್ಲ" ಅನ್ನುತ್ತದೆ. ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ "ನಿಮ್ಮೂರು ನಮ್ಮ ಯೋಜನೆಯಲ್ಲಿಲ್ಲ" ಅನ್ನುತ್ತದೆ. ಮನೆ ಕಟ್ಟುವವರಿಗೂ ಇದೇ ಪಾಡು. ಬಸವ ವಸತಿ ಹಳ್ಳಿಗೆ, ವಾಜಪೇಯಿ ವಸತಿ ನಗರಕ್ಕೆ. ಒಂದು ಪಟ್ಟಿಯಲ್ಲಿದ್ದ ಹೆಸರು ತಾನಾಗಿಯೇ ಇನ್ನೊಂದು ಪಟ್ಟಿಗೆ ಜಿಗಿಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದೊಂದಿದೆ, ಅದನ್ನು ಯಾವ ಸಭೆಯಲ್ಲೂ ಯಾರೂ ಎತ್ತುವುದಿಲ್ಲ. ಗ್ರಾಮೀಣ ಮೀಸಲಾತಿ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ 25. ಇದು ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ, ಹತ್ತೂ ವರ್ಷ, ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಯಾವುದೂ ಗ್ರಾಮೀಣ ಅಲ್ಲ. ನನ್ನ ಅಕ್ಕನ ಮಗಳು ಇಂಥದೇ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ಅದೇ ಹೆಂಚಿನ ಕೋಣೆ, ಅದೇ ಬೋರ್ಡು. ನಾಳೆ ಅಧಿಸೂಚನೆ ಬಂದರೆ ಮುಂದಿನ ಮೂರು ವರ್ಷಕ್ಕೆ ಗ್ರಾಮೀಣ ಎಂದು ಬರೆದು ಸಹಿ ಹಾಕಲು ಬಿಇಒ ಕಚೇರಿ ಒಪ್ಪಬೇಕಲ್ಲ? ಮೂರು ವರ್ಷಕ್ಕೆ ಹಿಂದಿನ ಏಳು ವರ್ಷವೂ ನೀರಲ್ಲಿ ಹೋಮ.

ಇದು ನಮಗೆ ಯಾಕೆ ಹೆಚ್ಚು ಚುಚ್ಚಬೇಕು ಅಂದರೆ, ವಿಜಯಪುರ ಜಿಲ್ಲೆಗೆ 371ಜೆ ಇಲ್ಲ. ಭೀಮಾ ಹೊಳೆ ದಾಟಿ ಅಫಜಲಪುರಕ್ಕೋ, ಪಕ್ಕದ ಜೇವರ್ಗಿಗೋ ಹೋದರೆ ಅಲ್ಲಿನ ಹುಡುಗರಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ. ಅದೇ ಬಿಸಿಲು, ಅದೇ ತೊಗರಿ ಹೊಲ, ಅದೇ ಬಡತನ ಇರುವ ಸಿಂದಗಿಯ ಹುಡುಗರಿಗೆ ಉಳಿದಿರುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ, ಎರಡೇ ಆಸರೆ. ಅದರಲ್ಲೊಂದನ್ನು ಪಟ್ಟಣದ ದರ್ಜೆಗಾಗಿ ಕೊಟ್ಟುಬಿಡಿ ಅನ್ನುತ್ತಿದ್ದಾರೆ. ಕೊಡುವವರನ್ನು ಕೇಳಿಯೂ ಇಲ್ಲ.

ಕೇಳುವ ಜಾಗವೂ ಹೋಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ 400 ಜನರಿಗೆ ಒಬ್ಬ ಸದಸ್ಯ. 37 ಸಾವಿರ ಜನರ ಪುರಸಭೆಗೆ ಕಾಯ್ದೆ ಕೊಡುವುದು 23 ಸ್ಥಾನ. ಅಂದರೆ ಸರಾಸರಿ 1,600 ಜನರಿಗೆ ಒಬ್ಬ. ಎರಡು ಸಾವಿರ ಜನರ ಹಳ್ಳಿಗೆ ಇವತ್ತು ಐದು ಸದಸ್ಯರು. ನಾಳೆ ಒಬ್ಬನೋ, ಅದೂ ಪಟ್ಟಣದ ಓಣಿಯೊಂದರ ಜೊತೆ ಪಾಲಿನಲ್ಲೋ. ಗ್ರಾಮಸಭೆ ಎಷ್ಟೇ ಹೆಸರಿಗೆ ನಡೆದರೂ ಅಲ್ಲಿ ಎದ್ದು ನಿಂತು "ನಮ್ಮ ಗಟಾರ ಯಾವಾಗ?" ಅಂತ ಪಿಡಿಒ ಮುಖಕ್ಕೇ ಕೇಳುವ ಹಕ್ಕು ಯಕ್ಕನಿಗೂ ಇದೆ, ಮುದುಕನಿಗೂ ಇದೆ. ಪಟ್ಟಣದಲ್ಲಿ ಮುಖ್ಯಾಧಿಕಾರಿಯ ಚೇಂಬರ್ ಹೊರಗೆ ಚೀಟಿ ಕಳಿಸಿ ಕೂರಬೇಕು.

ಇನ್ನು ಬರುವುದು. ಎಲ್ಲಕ್ಕಿಂತ ಮೊದಲು ಬರುವುದು ಕರ. 2021ರ ತಿದ್ದುಪಡಿಯ ನಂತರ ಪಟ್ಟಣಗಳ ಆಸ್ತಿ ತೆರಿಗೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರಕ್ಕೆ ಗಂಟು ಬಿದ್ದಿದೆ. ಜೊತೆಗೆ ಪ್ರತಿ ವರ್ಷ ಶೇ 3ರಿಂದ 5 ಏರಿಕೆ. ಬಂದಾಳ ರಸ್ತೆಗೋ ಮೋರಟಗಿ ರಸ್ತೆಗೋ ನಾಲ್ಕು ಲೇಔಟ್ ಬಿದ್ದು ಮಾರ್ಗಸೂಚಿ ದರ ಹಾರಿದರೆ, ಲೇಔಟಿನ ಬೆನ್ನಿಗಿರುವ ಮಣ್ಣಿನ ಮಾಳಿಗೆ ಮನೆಯ ಕರವೂ ಅದರ ಬಾಲ ಹಿಡಿದು ಹೋಗುತ್ತದೆ. ಆ ಮನೆಯವರ ಆದಾಯ ಮಾತ್ರ ಹಾರುವುದಿಲ್ಲ.

ಆಮೇಲೆ ಉತಾರದ ಫಜೀತಿ. ಹಳ್ಳಿಯಲ್ಲಿ ಇ-ಸ್ವತ್ತು, ನಮೂನೆ 9, 11ಎ, 11ಬಿ. ಪಟ್ಟಣದಲ್ಲಿ ಇ-ಆಸ್ತಿ, ಎ-ಖಾತೆ, ಬಿ-ಖಾತೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಖಲೆ ಸಾಗುವವರೆಗೆ ಮಾರಾಟ ಇಲ್ಲ, ವಾಟ್ನಿ ಇಲ್ಲ, ಬ್ಯಾಂಕಿನ ಸಾಲ ಇಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಪಟ್ಟಣಗಳಲ್ಲಿ ಬಿ-ಖಾತೆ ಅಭಿಯಾನ ಮಾಡಿತು. ಅನಧಿಕೃತ ಬಡಾವಣೆಯ ಆಸ್ತಿಗೆ ಮೊದಲ ಸಲ ಎರಡು ಪಟ್ಟು ತೆರಿಗೆ. ಲೇಔಟ್ ಮಾಡಿ ಮಾರಿ ಹೋದವನಿಗೆ ಏನೂ ಇಲ್ಲ. ಸಾಲ ಮಾಡಿ ಕೊಂಡವನಿಗೆ ಡಬಲ್.

"ಇರಲಿ, ಕರ ಕೊಟ್ಟರೆ ಸೌಲಭ್ಯ ಬರುತ್ತಲ್ಲ" ಅನ್ನುವವರಿಗೆ ಬೆಂಗಳೂರಿನ ಕಥೆ ಹೇಳಬೇಕು. 2007ರ ಜನವರಿಯಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆ ಹಳ್ಳಿಗಳ ಜನ ಪಾಲಿಕೆಗೆ ಮತ ಹಾಕಿದ್ದು 2010ರಲ್ಲಿ. ಅವರಿಗಾಗಿ ಎಂದು ಕಾವೇರಿ ಐದನೇ ಹಂತದ 775 ದಶಲಕ್ಷ ಲೀಟರ್ ನೀರಿನ ಯೋಜನೆ ಉದ್ಘಾಟನೆ ಆದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ ಒಂಬತ್ತು ತಿಂಗಳು! ಕರ ಹದಿನೇಳು ವರ್ಷ ಕಾಯಲಿಲ್ಲ. ನಡುವೆ ಬದುಕಿಸಿದ್ದು ಬೋರು ಮತ್ತು ಟ್ಯಾಂಕರು. ಅದು ರಾಜಧಾನಿ, ವಿಧಾನಸೌಧದಿಂದ ಕೂಗಳತೆ. ಅಲ್ಲೇ ಹೀಗಾದರೆ ಸಿಂದಗಿಯ ಹದ್ದಿನ ಹಳ್ಳಿಗೆ ಎಷ್ಟು ವರ್ಷ ಬೇಕು?

ಬೆಂಗಳೂರು ದೂರ ಅನ್ನಿಸಿದರೆ ಸೊಲ್ಲಾಪುರ ನೋಡಿ. ಬಟ್ಟೆಗೆ, ದವಾಖಾನೆಗೆ ನಾವೆಲ್ಲ ಹೋಗುವ ಊರು. 1992ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಸುತ್ತಲಿನ ಹಳ್ಳಿಗಳನ್ನು ಒಳಗೆ ತೆಗೆದುಕೊಂಡಿತು. ಮೂವತ್ತು ವರ್ಷ ದಾಟಿದರೂ ಆ ಭಾಗಕ್ಕೆ ಜನರ ಬಾಯಲ್ಲಿ 'ಹದ್ದವಾಢ' ಎಂದೇ ಹೆಸರು. ಅಂದರೆ ಹದ್ದು ಬೆಳೆಸಿ ಸೇರಿಸಿಕೊಂಡದ್ದು. ಹೆಸರಲ್ಲೇ ಇನ್ನೂ ಹೊರಗಿನವರು. ಊರ ನಡುವಿನವರಿಗೇ ನಾಲ್ಕೈದು ದಿನಕ್ಕೊಮ್ಮೆ ನಳಕ್ಕೆ ನೀರು ಬಿಡುವ ಪಾಲಿಕೆ ಅಂಚಿನವರಿಗೆ ಏನು ಕೊಟ್ಟೀತು?

ಇದೆಲ್ಲ ಹಣೆಬರಹವೂ ಅಲ್ಲ. ಪುಣೆ ಮಹಾನಗರ ಪಾಲಿಕೆ 2017ರಲ್ಲಿ 11 ಹಳ್ಳಿ, 2021ರಲ್ಲಿ ಇನ್ನೂ 23 ಹಳ್ಳಿ ಸೇರಿಸಿಕೊಂಡಿತು. ಮೊದಲ ಕಂತಿನಲ್ಲಿ ಹೋದ ಉರುಳಿ ದೇವಾಚಿ ಮತ್ತು ಫುರಸುಂಗಿಯ ಜನ ತೆರಿಗೆ ಜಾಸ್ತಿ, ಸೌಲಭ್ಯ ಇಲ್ಲ ಎಂದು ಪಟ್ಟು ಹಿಡಿದರು. ಪುಣೆಯ ಕಸ ವರ್ಷಾನುಗಟ್ಟಲೆ ಸುರಿದದ್ದು ಅವರ ನೆಲದಲ್ಲೇ. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಅವೆರಡನ್ನೂ ಪಾಲಿಕೆಯಿಂದ ಬಿಡಿಸಿ ಬೇರೆ ನಗರ ಪರಿಷತ್ ಮಾಡಿತು. ನಮ್ಮಲ್ಲೇ 1962ರಲ್ಲಿ ಹುಬ್ಬಳ್ಳಿಯೊಂದಿಗೆ ಕೂಡಿಸಿದ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ಸಚಿವ ಸಂಪುಟ ಒಪ್ಪಿದ್ದು 2025ರ ಜನವರಿಯಲ್ಲಿ. ಕೂಡಿಸುವುದು ಒಂದು ಸಹಿಯ ಕೆಲಸ. ಬಿಡಿಸಿಕೊಳ್ಳಲು ಧಾರವಾಡದವರಿಗೆ ಅರವತ್ತು ವರ್ಷ ಮೇಲಾಯಿತು.

ಹಾಗಂತ ಯಾವ ಹಳ್ಳಿಯೂ ಪಟ್ಟಣ ಸೇರಬಾರದು ಎಂದು ನಾನು ಹೇಳುತ್ತಿಲ್ಲ. ಲೇಔಟ್‌ಗಳು ಬಿದ್ದು ಅರ್ಧ ಪಟ್ಟಣವೇ ಆಗಿಹೋದ ಹಳ್ಳಿಗಳಿವೆ. ಅಲ್ಲಿನ ಗಟಾರ, ಕಸ, ಬೀದಿ ದೀಪ ಒಂದು ಪಂಚಾಯಿತಿಯ ಕೈಮೀರಿದ ಮಾತು ಎಂಬುದು ನಿಜ. ಲೇಔಟಿನವರು ಪಟ್ಟಣದ ರಸ್ತೆ, ಮಾರ್ಕೆಟ್ ಬಳಸಿ ಕರ ಮಾತ್ರ ಪಂಚಾಯಿತಿಗೆ ಕಟ್ಟುತ್ತಾರೆ ಎಂಬ ಪಟ್ಟಣದವರ ತಕರಾರಿನಲ್ಲೂ ಹುರುಳಿದೆ. ಆದರೆ ಸಂವಿಧಾನದ 243ಕ್ಯೂ ವಿಧಿ ಬರೀ ತಲೆ ಎಣಿಸಿ ಅನ್ನುವುದಿಲ್ಲ. ಜನಸಾಂದ್ರತೆ, ಸ್ಥಳೀಯ ಆದಾಯ, ಬೇಸಾಯ ಬಿಟ್ಟು ಬೇರೆ ಉದ್ಯೋಗದಲ್ಲಿರುವವರ ಪ್ರಮಾಣ ನೋಡಿ ಅನ್ನುತ್ತದೆ. ಲೇಔಟ್ ಬಿದ್ದ ಸರ್ವೆ ನಂಬರ್ ಬೇರೆ, ತೊಗರಿ, ಜೋಳ ಬೆಳೆಯುವ ಊರು ಬೇರೆ. ಮೊದಲನೆಯದನ್ನು ತೆಗೆದುಕೊಳ್ಳಿ. ಅದರ ನೆಪದಲ್ಲಿ ಎರಡನೆಯದನ್ನು ನುಂಗಬೇಡಿ.

ಸೇರಿಸಲೇಬೇಕು ಅಂದರೆ ನಮ್ಮ ಕರಾರು ಇಷ್ಟು.

ಒಂದು, ಕರ ನಳದ ಹಿಂದೆ ಬರಲಿ. ಪಟ್ಟಣದವರಿಗೆ ಸಿಗುವ ನೀರು, ದೀಪ, ಕಸದ ಗಾಡಿ ಹಳ್ಳಿಯ ಓಣಿಗೆ ಬರುವವರೆಗೆ ಹಳೆಯ ಪಂಚಾಯಿತಿ ಕರವೇ ಇರಲಿ. ಬಂದ ಮೇಲೂ ಏರಿಕೆ ಹಂತ ಹಂತವಾಗಿ ಆಗಲಿ.

ಎರಡು, ಅಧಿಸೂಚನೆಯ ದಿನ ಶಾಲೆಯಲ್ಲಿರುವ ಪ್ರತಿ ಮಗುವಿಗೂ ಹತ್ತನೇ ತರಗತಿ ಮುಗಿಯುವವರೆಗೆ ಗ್ರಾಮೀಣ ಪ್ರಮಾಣಪತ್ರದ ಹಕ್ಕು ಉಳಿಯಲಿ. ಇದಕ್ಕೆ ಸರ್ಕಾರದ ಖಜಾನೆಯಿಂದ ಒಂದು ರೂಪಾಯಿಯೂ ಬೇಡ.

ಮೂರು, ಶುರುವಾದ ಗ್ರಾಮೀಣ ಕಾಮಗಾರಿ ಮತ್ತು ವಸತಿ ಪಟ್ಟಿ ಯಾರು ಮುಗಿಸುತ್ತಾರೆ, ಯಾವ ದಿನದೊಳಗೆ, ಎಂಬುದನ್ನು ಬರೆದು ಗ್ರಾಮಸಭೆಯಲ್ಲಿ ಓದಲಿ.

ನಾಲ್ಕು, ಪಟ್ಟಣದ ಕಸ ಹಾಕುವ ಜಾಗ ನಮ್ಮೂರ ಗಾಂವಠಾಣಾ ಆಗಬಾರದು.

ಕಾಯ್ದೆ ಪ್ರಕಾರ ಕರಡು ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 30 ದಿನ ಇರುತ್ತದೆ. ಬಹಳ ಊರುಗಳಲ್ಲಿ ಆ ಮೂವತ್ತು ದಿನ ಯಾರಿಗೂ ಗೊತ್ತಾಗದೆ ಕಳೆಯುತ್ತವೆ. ರಾಜ್ಯಪತ್ರವನ್ನು ಓದುವವರು ಯಾರು? ಓದಿ ಹೇಳಬೇಕಾದದ್ದು ನಮ್ಮ ಕೆಲಸ. ತಾಲೂಕಿನ ವರದಿಗಾರ ಗೆಳೆಯರೇ, ಮುಂದಿನ ಸಲ ಸಿಹಿ ಹಂಚುವ ಫೋಟೊ ಕಳಿಸುವ ಮೊದಲು ಆ ಕರಡಿನಲ್ಲಿರುವ ಸರ್ವೆ ನಂಬರ್‌ಗಳನ್ನೂ ಆಕ್ಷೇಪಣೆಯ ಕೊನೆಯ ದಿನವನ್ನೂ ಸುದ್ದಿಯಲ್ಲಿ ಹಾಕಿ. ಸಂಪಾದಕರು ಕತ್ತರಿಸಿದರೆ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ.

ಊರವರೇ, ನೀವೂ ಪಂಚಾಯಿತಿಯಲ್ಲಿ ವಿಶೇಷ ಗ್ರಾಮಸಭೆ ಕೇಳಿ, ಠರಾವು ಮಾಡಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸೇರುತ್ತೇವೆ ಅನ್ನುವುದಾದರೆ ಕರಾರು ಬರೆದು ಸೇರಿ. ಒಲ್ಲೆ ಅನ್ನುವುದಾದರೆ ಆ ಮೂವತ್ತು ದಿನದೊಳಗೆ ಅನ್ನಿ.

ಆ ಕಾಕಾ ಮುಂದಿನ ಸಂತೆಗೆ ಮತ್ತೆ ಸಿಗುತ್ತಾರೆ. ಈ ಸಲ ಚಹಾ ನನ್ನದು. ಪ್ಲಾಟಿನ ರೇಟಿನ ಮಾತು ಬಿಟ್ಟು ಮೊಮ್ಮಕ್ಕಳು ಎಷ್ಟನೇ ತರಗತಿ ಎಂದು ಕೇಳಬೇಕೆಂದಿದ್ದೇನೆ.