ಸಂಜೆಯ ಸಿಟ್ಟು

ನಮ್ಮ ಮನೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಸಂಜೆ ನಾನು ಹೊಸ್ತಿಲಲ್ಲಿ ಚಪ್ಪಲಿ ಕಳಚುವ ಸದ್ದಾದೊಡನೆ ಮೊದಲೆಲ್ಲ ಓಡಿಬರುತ್ತಿದ್ದಳು. ಈಗ ಹಾಗೆ ಬರುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ನನ್ನ ಮುಖವನ್ನು ನೋಡುತ್ತಾಳೆ. ಅಲ್ಲಿ ಕಂಡದ್ದು ಹಿತವಾಗಿದ್ದರೆ ಹತ್ತಿರ ಬರುತ್ತಾಳೆ. ಇಲ್ಲವಾದರೆ ಸದ್ದಿಲ್ಲದೆ ಅಡಿಗೆಮನೆಗೆ, ತಾಯಿಯ ಬಳಿಗೆ ಸರಿದುಬಿಡುತ್ತಾಳೆ.

ಈ ಪರೀಕ್ಷೆ ಆರಂಭವಾದದ್ದು ಕಳೆದ ಮಳೆಗಾಲದ ಒಂದು ಸಂಜೆಯಿಂದ. ಅಂದು ಕಚೇರಿಯಲ್ಲಿ, ನಾನು ಮಾಡದ ತಪ್ಪಿಗೆ, ನಾಲ್ಕು ಜನರ ಎದುರಿನಲ್ಲಿ ಮೇಲಧಿಕಾರಿಗಳಿಂದ ಮಾತು ಕೇಳಬೇಕಾಯಿತು. ಕೇಳಿ, ‘ಸರಿ ಸಾರ್’ ಎಂದು ಬಂದೆ. ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತೇ ಪ್ರಯಾಣ. ಅಷ್ಟು ಹೊತ್ತೂ, ಅವರಿಗೆ ನಾನು ಕೊಡಬಹುದಾಗಿದ್ದ ಉತ್ತರಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಜೋಡಿಸಿದೆ, ಮಸೆದೆ. ಮನೆಗೆ ಬಂದು ಕುಳಿತಾಗ ಮಗು ತಾನೇ ಕಾಫಿ ತರುತ್ತೇನೆಂದು ಹಠ ಹಿಡಿದು ತಂದಳು. ಲೋಟ ಕೈಜಾರಿ ನನ್ನ ಚೀಲದ ಮೇಲೆ ಉರುಳಿತು. ಮೇಲಧಿಕಾರಿಗಳಿಗೆಂದು ಸಿದ್ಧಪಡಿಸಿದ್ದ ಉತ್ತರವೆಲ್ಲ ಆ ಮಗುವಿನ ಪಾಲಾಯಿತು. ಅಷ್ಟು ಸಾಲದೆಂಬಂತೆ ಲೋಟವನ್ನೆತ್ತಿ ಗೋಡೆಗೆ ಬೀಸಿದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಗೆ ನಾವೆಲ್ಲ ನಗುವುದುಂಟು. ನಗದಿರುವುದು ಕೊತ್ತಿ ಮಾತ್ರ.

ಒಂದು ಲೋಟ ಕಾಫಿಗೆ ಅಷ್ಟು ರೋಷವೇಕೆ? ಉತ್ತರವನ್ನು ಮೊದಲು ಅರಸಿದವರಲ್ಲಿ ಒಬ್ಬರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್. ವಿಚಿತ್ರವೆಂದರೆ, ಅವರೂ ಕೊತ್ತಿಯನ್ನೇ ಆಶ್ರಯಿಸಿದರು! ನಾಯಿಯ ಬೊಗಳುವಿಕೆಗೆ ಬೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಎಂಬ ರಸ ಹೆಚ್ಚುವುದನ್ನು ಅವರು ಕಂಡರು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ಈ ರಸವನ್ನು ಸುರಿಸಿದೊಡನೆ ಎದೆಬಡಿತ ಏರುತ್ತದೆ, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಜೀರ್ಣಕಾರ್ಯ ನಿಂತು ರಕ್ತವು ಸ್ನಾಯುಗಳ ಕಡೆಗೆ ಹರಿಯುತ್ತದೆ. ಕಾದಾಡು, ಇಲ್ಲವೆ ಓಡು ಎಂದು ಶರೀರವೇ ಸಜ್ಜಾಗುತ್ತದೆ. 1915ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕ್ಯಾನನ್ ಇದನ್ನು ವಿವರಿಸಿದರು. ಹುಲಿಯೆದುರು ನಿಂತವನಿಗೆ ಈ ಸಿದ್ಧತೆ ವರ. ಮೇಲಧಿಕಾರಿಗಳ ಎದುರು ನಿಂತವನು ಮಾಡಬೇಕಾದ್ದೇನು? ಕಾದಾಡುವಂತಿಲ್ಲ, ಓಡುವಂತೆಯೂ ಇಲ್ಲ. ಹೊತ್ತಿಸಿದ ಒಲೆಯನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಬರುತ್ತಾನೆ. ಇದು ದಿನದಿನವೂ ನಡೆದರೆ ದೇಹ ಸವೆಯದೆ ಇದ್ದೀತೆ? ಇಲಿಗಳನ್ನು ಚಳಿ, ಗಾಯ, ವಿಷವಸ್ತು ಮೊದಲಾದ ಬೇರೆ ಬೇರೆ ಕಷ್ಟಗಳಿಗೆ ಗುರಿಮಾಡಿದರೂ ಅವುಗಳ ದೇಹದಲ್ಲಿ ಒಂದೇ ಬಗೆಯ ಹಾನಿ ಕಾಣುವುದನ್ನು 1936ರಲ್ಲಿ ಹ್ಯಾನ್ಸ್ ಸೆಲ್ಯೆ ತಿಳಿಸಿದರು. ಜಠರದಲ್ಲಿ ಹುಣ್ಣೂ ಅದರಲ್ಲಿ ಸೇರಿತ್ತು.

ಹಾಗಾದರೆ ಸಿಟ್ಟನ್ನು ಕಾರಿಬಿಡುವುದೇ ಮೇಲಲ್ಲವೆ ಎಂದು ಕೇಳುವವರಿದ್ದಾರೆ. ‘ಒಮ್ಮೆ ಕೂಗಾಡಿದರೆ ಹಗುರವಾಗುತ್ತದೆ’ ಎಂಬುದು ನಮ್ಮ ಗಂಡಸರ ಹಳೆಯ ವಾದ. ನಾನೂ ಅದನ್ನೇ ನಂಬಿದ್ದೆ. ಆದರೆ 2002ರಲ್ಲಿ ಬ್ರಾಡ್ ಬುಷ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗ ಈ ವಾದದ ಬುಡವನ್ನೇ ಕಡಿಯಿತು. ಸಿಟ್ಟು ಬರಿಸಿದವನನ್ನು ನೆನೆಯುತ್ತ ಚೀಲವೊಂದನ್ನು ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು! ಬಸ್ಸಿನಲ್ಲಿ ನಾನು ಮಾಡಿದ್ದು ಅದೇ ನೆನೆಯುವ ಕೆಲಸ.

ನುಂಗಿಕೊಳ್ಳುವುದಾದರೂ ಕ್ಷೇಮವೆ? 1998ರಲ್ಲಿ ಜೇಮ್ಸ್ ಗ್ರಾಸ್ ಎಂಬವರು ಕೆಲವರಿಗೆ ಅಸಹ್ಯ ಹುಟ್ಟಿಸುವ ಶಸ್ತ್ರಚಿಕಿತ್ಸೆಯ ಚಲನಚಿತ್ರವನ್ನು ತೋರಿಸಿದರು. ಮುಖದಲ್ಲಿ ಏನನ್ನೂ ತೋರಗೊಡದೆ ತಡೆದುಕೊಂಡವರ ಮುಖ ಶಾಂತವಾಗಿತ್ತು. ಒಳಗೆ ಅಸಹ್ಯ ಕಡಿಮೆಯಾಗಿರಲಿಲ್ಲ, ದೇಹದ ಉದ್ರೇಕ ಮಾತ್ರ ಏರಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಗಳ ಹೆಂಗಸರು. ಅವರನ್ನು ‘ತಾಳ್ಮೆಯ ಮೂರ್ತಿ’ ಎಂದು ಹೊಗಳಿ ನಾವು ಕೈತೊಳೆದುಕೊಳ್ಳುತ್ತೇವೆ. ಲೋಟ ಬಿದ್ದ ರಾತ್ರಿ ನನ್ನಾಕೆ ಒಂದು ಮಾತನ್ನೂ ಆಡದೆ ಗೋಡೆಯ ಕಲೆಯನ್ನು ಒರೆಸಿದಳು. ಗಂಡಸು ಕೂಗಿದರೆ ಕೆಲಸದ ಒತ್ತಡ, ಹೆಂಗಸು ಕೂಗಿದರೆ ಸ್ವಭಾವದೋಷ! ಇದು ಯಾವ ನ್ಯಾಯವೋ ಕಾಣೆ.

ಗ್ರಾಸ್ ಅವರ ಪ್ರಯೋಗದಲ್ಲಿ ಇನ್ನೊಂದು ಗುಂಪಿತ್ತು. ವೈದ್ಯವಿದ್ಯೆಯ ಪಾಠವನ್ನು ನೋಡುವಂತೆ ನಿರ್ಲಿಪ್ತರಾಗಿ ಚಿತ್ರವನ್ನು ನೋಡಲು ಅವರಿಗೆ ಮೊದಲೇ ಹೇಳಲಾಗಿತ್ತು. ಅವರಿಗೆ ಅಸಹ್ಯವೇ ಕಡಿಮೆಯಾಯಿತು. ‘ಮೊದಲೇ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಲೋಟ ಉರುಳಿದ ಮೇಲೆ ವಿವೇಕವನ್ನು ಹುಡುಕಿದರೆ ಸಿಕ್ಕುವುದು ಕಷ್ಟ.

ಆದುದರಿಂದ ಈಗ ನಾನು ಬಸ್ಸಿಳಿದವನು ನೇರವಾಗಿ ಮನೆಗೆ ಹೋಗುವುದಿಲ್ಲ. ಬೀದಿಯ ತುದಿಯ ಉದ್ಯಾನದ ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಕೂರುತ್ತೇನೆ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ತಗ್ಗುವುದು ಶರೀರದ ಸಹಜಕ್ರಮ. ಆಮೇಲೆ ಕಚೇರಿಯ ಪ್ರಸಂಗವನ್ನು ಪಕ್ಕದ ಮನೆಯವರಿಗೆ ನಡೆದದ್ದೆಂಬಂತೆ ಒಮ್ಮೆ ನೋಡುತ್ತೇನೆ. ಎಲ್ಲ ದಿನವೂ ಫಲಿಸುತ್ತದೆಂದು ಹೇಳಲಾರೆ. ಮೇಲಧಿಕಾರಿಗಳು ಮಾಡಿದ್ದು ಅನ್ಯಾಯವಾಗಿದ್ದರೆ ಅದು ಉಸಿರಾಟದಿಂದ ನ್ಯಾಯವಾಗುವುದಿಲ್ಲ. ಅದಕ್ಕೆ ಮರುದಿನ, ಸಮಾಧಾನದಿಂದ, ಎದುರು ಕುಳಿತು ಮಾತಾಡಲೇಬೇಕು. ನಾನು ಮಾತಾಡಿದೆ. ಅವರು ಒಪ್ಪಲಿಲ್ಲವೆಂಬುದು ಬೇರೆ ಮಾತು.

ಬೆಂಚಿಗೆ ಬಗ್ಗದ ದುಃಖಗಳೂ ಉಂಟು. ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣಲು ನಾಚಬೇಕಾಗಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು.

ಮಗುವಿಗೆ, ‘ತಪ್ಪಾಯಿತು ಪುಟ್ಟಿ’ ಎಂದು ಅಂದೇ ಹೇಳಿದ್ದೆ. ಅವಳು ದೊಡ್ಡವಳಂತೆ ತಲೆಯಾಡಿಸಿದ್ದಳು. ಮರುದಿನ ಬಾಗಿಲ ಮರೆಯಲ್ಲಿ ನಿಂತಿದ್ದಳು. ಕಳೆದ ವಾರ ಒಂದು ಸಂಜೆ ಅದೇನು ಮರೆತಳೋ, ನೇರವಾಗಿ ಓಡಿಬಂದು ನನ್ನ ಚೀಲಕ್ಕೆ ಕೈಹಾಕಿ ಕಡಲೆಕಾಯಿಯ ಪೊಟ್ಟಣ ಹುಡುಕಿದಳು. ನಿನ್ನೆ ಮತ್ತೆ ಬಾಗಿಲ ಮರೆಯಲ್ಲಿಯೇ ಇದ್ದಳು. ಆದರೆ ಅಲ್ಲಿ ನಿಂತದ್ದು ಸ್ವಲ್ಪವೇ ಹೊತ್ತು.