ಕೆಂಪು ಕ್ಯಾಲಿಪರ್ ಆಮೇಲೆ, ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ

ನಮ್ಮ ಹಾಸ್ಟೆಲ್‌ನಲ್ಲಿ ಕಾರಿನ ಮಾತು ಶುರುವಾದರೆ ಐದು ನಿಮಿಷದೊಳಗೆ ಅದು ಹಾರ್ಸ್‌ಪವರ್‌ಗೆ ಬಂದು ಕೂರುತ್ತೆ. ಟರ್ಬೊ, ರೀಮ್ಯಾಪ್, ಎಕ್ಸಾಸ್ಟ್ ಸೌಂಡು. ಬ್ರೇಕ್ ವಿಷಯ ಬರೋದೇ ಅಪರೂಪ. ಬಂದರೂ ಎಲ್ಲರ ಬಾಯಲ್ಲೂ ಒಂದೇ ಉತ್ತರ: ದೊಡ್ಡ ಡಿಸ್ಕ್ ಹಾಕ್ಸು, ಆರು ಪಿಸ್ಟನ್ ಕ್ಯಾಲಿಪರ್ ಹಾಕ್ಸು, ಕೆಂಪು ಬಣ್ಣ ಹೊಡ್ಸು, ಮುಗೀತು. ಇದು ಹಿಂದುಮುಂದಾದ ಲೆಕ್ಕ ಅನ್ನೋದು ನಮ್ಮ ವಾದ. ದಿನಾ ರಸ್ತೆಯಲ್ಲಿ ಓಡಬೇಕು, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್‌ಗೂ ಹೋಗಬೇಕು ಅನ್ನುವ ಚಿಕ್ಕ ಸ್ಪೋರ್ಟ್ಸ್ ಕಾರಿಗೆ ಮೊದಲ ಖರ್ಚು ಬ್ರೇಕ್ ಆಯಿಲ್ ಮೇಲೆ, ಎರಡನೆಯದು ಪ್ಯಾಡ್ ಮೇಲೆ. ದೊಡ್ಡ ಕಿಟ್ ಕೊನೆಗೆ, ಅದೂ ಬೇಕಾದರೆ ಮಾತ್ರ.

ವಾದಕ್ಕೆ ಒಂದು ಕಾರು ಬೇಕಲ್ಲ, ಮಜ್ದಾ ಎಂಎಕ್ಸ್-5 ತಗೊಳ್ಳೋಣ. ಅಮೆರಿಕದವರು ಮಿಯಾಟಾ ಅಂತಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ಮೊದಲು ಕಾಣಿಸಿಕೊಂಡ ಎರಡು ಸೀಟಿನ ಕಾರು. ತೂಕ ಒಂದು ಟನ್‌ಗಿಂತ ಕಡಿಮೆ. 2016ರಲ್ಲಿ ಹತ್ತು ಲಕ್ಷದ ಕಾರು ಫ್ಯಾಕ್ಟರಿಯಿಂದ ಹೊರಬಂತು. ಮಜ್ದಾ ಇದನ್ನು ಭಾರತದಲ್ಲಿ ಮಾರಲೇ ಇಲ್ಲ, ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಇದರ ಪರಿಚಯ ರೇಸಿಂಗ್ ಸಿಮ್ಯುಲೇಟರ್‌ಗಳಲ್ಲೇ. ಆದರೆ ಅಮೆರಿಕ, ಜಪಾನ್, ಇಂಗ್ಲೆಂಡಿನಲ್ಲಿ ಸೋಮವಾರ ಆಫೀಸಿಗೆ, ಭಾನುವಾರ ಟ್ರ್ಯಾಕಿಗೆ ಅಂತ ಒಂದೇ ಕಾರು ಇಟ್ಟುಕೊಳ್ಳುವವರಿಗೆ ಇದಕ್ಕಿಂತ ಹೆಸರಾದ ಕಾರು ಕಡಿಮೆ. ಅವರೆಲ್ಲ ಮೂವತ್ತು ವರ್ಷದಿಂದ ಕೇಳಿಕೊಂಡು ಬಂದ ಪ್ರಶ್ನೆಯೂ ಇದೇ: ಬ್ರೇಕ್‌ಗೆ ಏನು ಮಾಡಿಸಲಿ?

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಕಾರನ್ನು ನಿಲ್ಲಿಸೋದು ಬ್ರೇಕ್ ಅಲ್ಲ, ಟೈರು. ಬ್ರೇಕ್ ಚಕ್ರವನ್ನು ಹಿಡಿಯುತ್ತೆ, ರಸ್ತೆಯನ್ನು ಹಿಡಿಯೋದು ಟೈರು. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನ ಘರ್ಷಣಾಂಕ ಹತ್ತಿರ ಹತ್ತಿರ 1 ಅಂತ ಇಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲೋಕೆ ಸುಮಾರು 40 ಮೀಟರ್ ಬೇಕು. ಫಸ್ಟ್ ಇಯರ್ ಫಿಸಿಕ್ಸ್‌ನ ಸೂತ್ರವೇ ಸಾಕು, ವೇಗದ ವರ್ಗವನ್ನು ಎರಡು ಮ್ಯೂ ಜಿ ಇಂದ ಭಾಗಿಸಿ ನೋಡಿ. ಅದರಲ್ಲಿ ಡಿಸ್ಕ್‌ನ ವ್ಯಾಸ ಎಲ್ಲೂ ಬರಲ್ಲ. ಈಗಿರುವ ಬ್ರೇಕೇ ನಾಲ್ಕೂ ಚಕ್ರವನ್ನು ಲಾಕ್ ಮಾಡುವಷ್ಟು ಅಥವಾ ಎಬಿಎಸ್ ಕೆಲಸಕ್ಕಿಳಿಯುವಷ್ಟು ಬಲ ಕೊಡ್ತಿದ್ರೆ, ದೊಡ್ಡ ಡಿಸ್ಕ್ ಹಾಕಿಸಿದ ಮಾತ್ರಕ್ಕೆ ಆ 40 ಮೀಟರ್ 35 ಆಗಲ್ಲ. ಅದಾಗಬೇಕಾದರೆ ಒಳ್ಳೆ ಟೈರ್ ಹಾಕಿಸಬೇಕು.

ಹಾಗಾದರೆ ದೊಡ್ಡ ಬ್ರೇಕ್ ಯಾಕಿದೆ? ಬಿಸಿಗೋಸ್ಕರ. ಲೆಕ್ಕ ಹಾಕಿ ನೋಡಿದೆವು. ಡ್ರೈವರ್ ಸೇರಿ 1080 ಕೆ.ಜಿ. ಇರುವ ಎಂಎಕ್ಸ್-5 ಗಂಟೆಗೆ 160 ಕಿ.ಮೀ. ವೇಗದಲ್ಲಿ ಬಂದು ತಿರುವಿಗೆ 60ಕ್ಕೆ ಇಳಿಯಬೇಕು ಅಂದರೆ ಸುಮಾರು 916 ಕಿಲೊಜೂಲ್ ಶಕ್ತಿ ಹೊರಗೆ ಹೋಗಬೇಕು. ಅದರಲ್ಲಿ ಶೇ. 70 ಮುಂದಿನ ಎರಡು ಡಿಸ್ಕ್‌ಗಳ ಪಾಲಿಗೆ, ಒಂದೊಂದೂ 5 ಕೆ.ಜಿ. ಎರಕದ ಕಬ್ಬಿಣ ಅಂತ ಇಟ್ಟುಕೊಳ್ಳಿ. ಒಂದೇ ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ ಆ ಡಿಸ್ಕ್ 140 ಡಿಗ್ರಿ ಹತ್ತಿರ ಬಿಸಿಯಾಗುತ್ತೆ! ಅದು ಪೂರ್ತಿ ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತೆ. ಊರೊಳಗೆ 60ರಿಂದ ಸೊನ್ನೆಗೆ ನಿಲ್ಲಿಸಿದರೆ ಶಕ್ತಿ ಬರೀ 150 ಕಿಲೊಜೂಲ್, ಮುಂದಿನ ಸಿಗ್ನಲ್‌ವರೆಗೆ ಆರೋಕೆ ಬೇಕಾದಷ್ಟು ಟೈಮು. ರಸ್ತೆಯ ಬ್ರೇಕಿಗೂ ಟ್ರ್ಯಾಕಿನ ಬ್ರೇಕಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಈ ಬಿಸಿ ಮೊದಲು ಕೆಡಿಸೋದು ಯಾವುದನ್ನು? ಡಿಸ್ಕನ್ನಲ್ಲ. ಪ್ಯಾಡ್ ಮತ್ತು ಆಯಿಲ್ ಅನ್ನು. ಅದರಲ್ಲೂ ಆಯಿಲ್ ವಿಷಯ ಯಾರೂ ಮಾತಾಡಲ್ಲ, ಯಾಕಂದರೆ ಅದು ಫೋಟೊದಲ್ಲಿ ಕಾಣಲ್ಲ.

ಗ್ಯಾರೇಜಿನಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಅಂತಾರೆ, ನಾವೂ ಹಾಗೇ ಅಂತೀವಿ. ನಿಜದಲ್ಲಿ ಅದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಲ್ಲ ಗ್ಲೈಕಾಲ್ ಜಾತಿಯ ದ್ರವಗಳು. (ಹೆಸರು ನೋಡಿ ಎಂಜಿನ್ ಆಯಿಲ್ ಸುರಿದುಬಿಟ್ಟೀರಿ, ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಇಡೀ ಸಿಸ್ಟಮ್ ಬಿಚ್ಚಬೇಕಾಗುತ್ತೆ.) ಗ್ಲೈಕಾಲ್‌ಗೆ ಒಂದು ಚಟ ಇದೆ: ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತೆ. ಮಳೆಗಾಲದ ಉಪ್ಪಿನ ಡಬ್ಬದ ಹಾಗೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205ರಿಂದ 140ಕ್ಕೆ. ಡಾಟ್ 5.1 ಆದರೆ 260ರಿಂದ 180ಕ್ಕೆ. ರೇಸಿಂಗ್‌ಗೆ ಅಂತಲೇ ಮಾಡಿದ ದ್ರವಗಳಲ್ಲಿ ಕೆಲವು ಹೊಸದಾಗಿದ್ದಾಗ 300 ಡಿಗ್ರಿ ದಾಟುತ್ತವೆ.

ಕುದಿದರೆ ಏನಾಗುತ್ತೆ? ಪ್ಯಾಸ್ಕಲ್ ನಿಯಮ ಕೆಲಸ ಮಾಡೋದು ದ್ರವ ಕುಗ್ಗಲ್ಲ ಅನ್ನುವ ನಂಬಿಕೆ ಮೇಲೆ. ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆ ಬಂತು ಅಂದರೆ ನೀವು ಒತ್ತಿದ ಬಲವೆಲ್ಲ ಆ ಗುಳ್ಳೆಯನ್ನು ಹಿಂಡೋದಕ್ಕೇ ಖರ್ಚು. ಪೆಡಲ್ ಸೀದಾ ಕೆಳಗೆ ಹೋಗುತ್ತೆ, ಕಾರು ಹೋಗ್ತಾನೇ ಇರುತ್ತೆ. ಪ್ಯಾಡ್ ಬಿಸಿಯಾಗಿ ಹಿಡಿತ ಬಿಟ್ಟರೆ ಕೊನೇಪಕ್ಷ ಪೆಡಲ್ ಗಟ್ಟಿಯಾಗಿರುತ್ತೆ, ವಾಸನೆ ಬರುತ್ತೆ, ಸ್ವಲ್ಪ ಸ್ವಲ್ಪವಾಗಿ ಗೊತ್ತಾಗುತ್ತೆ. ಆಯಿಲ್ ಕುದಿದಾಗ ಅಂಥ ಮುನ್ಸೂಚನೆ ತೀರಾ ಕಡಿಮೆ. ಆ ಕ್ಷಣಕ್ಕೆ ಕ್ಯಾಲಿಪರ್‌ನಲ್ಲಿ ಎರಡು ಪಿಸ್ಟನ್ ಇದ್ದರೇನು, ಆರು ಇದ್ದರೇನು. ಹಳೇ ಆಯಿಲ್ ತೆಗೆದು, ಹೊಸದು ತುಂಬಿ, ಏರ್ ತೆಗೆಸುವ ಖರ್ಚು ಒಂದು ದೊಡ್ಡ ಬ್ರೇಕ್ ಕಿಟ್‌ನ ಖರ್ಚಿನ ಮುಂದೆ ಲೆಕ್ಕಕ್ಕೇ ಬರಲ್ಲ. ಆದರೂ ಜನ ಕಿಟ್‌ಗೆ ದುಡ್ಡು ಕೂಡಿಡ್ತಾರೆ.

ಇನ್ನು ಪ್ಯಾಡ್. ಇಲ್ಲಿ ಮಾರ್ಕೆಟಿಂಗ್‌ನವರು ಹೇಳೋದು: ಒಂದೇ ಪ್ಯಾಡ್, ರಸ್ತೆಗೂ ಸೈ, ಟ್ರ್ಯಾಕಿಗೂ ಸೈ. ನಾವು ಇದನ್ನು ಪೂರ್ತಿ ನಂಬಲ್ಲ. ಪ್ಯಾಡ್‌ನ ಘರ್ಷಣಾಂಕ ಒಂದೇ ಸಂಖ್ಯೆ ಅಲ್ಲ, ತಾಪಮಾನದ ಜೊತೆ ಏರಿಳಿಯುವ ಒಂದು ಗ್ರಾಫು. ರಸ್ತೆ ಪ್ಯಾಡ್ ಬೆಳಗ್ಗೆ ತಣ್ಣಗಿದ್ದಾಗಲೂ ಮೊದಲ ಒತ್ತಿಗೇ ಹಿಡಿಯುತ್ತೆ, ಆದರೆ ಟ್ರ್ಯಾಕಿನ ಬಿಸಿಯಲ್ಲಿ ಕೆಲವೇ ಸುತ್ತಿಗೆ ಸುಸ್ತಾಗುತ್ತೆ. ರೇಸ್ ಪ್ಯಾಡ್ ಇದರ ಉಲ್ಟಾ. ಬಿಸಿಯಾದ ಮೇಲೆ ರಾಕ್ಷಸ, ತಣ್ಣಗಿದ್ದಾಗ ಸೋಮಾರಿ. ಅದನ್ನು ಹಾಕ್ಕೊಂಡು ಕಾಲೇಜಿಗೆ ಬರೋರು ಒಮ್ಮೆ ಯೋಚನೆ ಮಾಡಿ: ಬೆಳಗ್ಗೆ ಎಂಟು ಗಂಟೆಗೆ ಗೇಟಿನ ಹತ್ತಿರ ಸ್ಕೂಲ್ ಹುಡುಗ ಅಡ್ಡ ಬಂದರೆ ಪ್ಯಾಡ್ ಬಿಸಿಯಾಗೋವರೆಗೆ ಅವನು ಕಾಯ್ತಾನಾ? ಇದರ ಜೊತೆಗೆ ಕೀರಲು ಶಬ್ದ, ಚಕ್ರದ ತುಂಬ ಕಪ್ಪು ಧೂಳು, ಬೇಗ ಸವೆಯುವ ಡಿಸ್ಕ್. ಅದಕ್ಕೇ ಎಂಎಕ್ಸ್-5 ಇಟ್ಟುಕೊಂಡ ಅನುಭವಿಗಳು ಎರಡು ಸೆಟ್ ಇಟ್ಟುಕೊಳ್ಳೋದು. ಟ್ರ್ಯಾಕಿಗೆ ಹೋದ ಮೇಲೆ ಅಲ್ಲೇ ಜಾಕ್ ಏರಿಸಿ ಪ್ಯಾಡ್ ಬದಲಾಯಿಸ್ತಾರೆ, ಸಂಜೆ ವಾಪಸ್ ಹಾಕ್ತಾರೆ. ಕೆಲಸ ಕೊಳಕು, ಆದರೆ ಕಷ್ಟದ್ದಲ್ಲ. ಒಂದೇ ಎಚ್ಚರಿಕೆ, ಹೊಸ ಪ್ಯಾಡನ್ನು ಹಾಕಿದ ತಕ್ಷಣ ಪೂರ್ತಿ ಜೋರಾಗಿ ಬಳಸಬಾರದು. ಹಂತ ಹಂತವಾಗಿ ಬಿಸಿ ಮಾಡಿ, ಅದರ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಕೂರುವ ಹಾಗೆ ಮಾಡಬೇಕು.

ಆಯಿಲ್ ಆಯ್ತು, ಪ್ಯಾಡ್ ಆಯ್ತು, ಟೈರೂ ಚೆನ್ನಾಗಿದೆ, ಆದರೂ ಇಪ್ಪತ್ತು ನಿಮಿಷದ ಸೆಷನ್‌ನಲ್ಲಿ ಬ್ರೇಕ್ ಸಾಲ್ತಿಲ್ಲ ಅಂದರೆ? ಆಗ ಡಿಸ್ಕ್ ದೊಡ್ಡದು ಮಾಡಿ, ನಮ್ಮ ತಕರಾರಿಲ್ಲ. ಹೆಚ್ಚು ಕಬ್ಬಿಣ ಅಂದರೆ ಹೆಚ್ಚು ಬಿಸಿ ಹಿಡಿಯುವ ಜಾಗ. ಮಜ್ದಾದವರೇ ಹಾಗೆ ಮಾಡಿದ್ದಾರೆ. ಮೊದಲ 1.6 ಲೀಟರ್ ಕಾರಿನ ಮುಂದಿನ ಡಿಸ್ಕ್ 235 ಮಿ.ಮೀ., 1.8 ಲೀಟರ್ ಎಂಜಿನ್ ಬಂದಾಗ 255, ಎರಡನೇ ತಲೆಮಾರಿನ ಸ್ಪೋರ್ಟ್ ಬ್ರೇಕ್‌ನಲ್ಲಿ 270. ಗಮನಿಸಬೇಕಾದ್ದು ಏನಂದರೆ, ಮುಂದಿನದು ದೊಡ್ಡದಾದಾಗಲೆಲ್ಲ ಅವರು ಹಿಂದಿನದನ್ನೂ ದೊಡ್ಡದು ಮಾಡಿದರು: 231, 251, 276.

ಯಾಕೆ? ಬ್ರೇಕ್ ಒತ್ತಿದಾಗ ತೂಕ ಮುಂದಕ್ಕೆ ವಾಲುತ್ತೆ. ಎಂಎಕ್ಸ್-5ರ ವೀಲ್‌ಬೇಸ್ 2265 ಮಿ.ಮೀ. ಗುರುತ್ವ ಕೇಂದ್ರ ನೆಲದಿಂದ 450 ಮಿ.ಮೀ. ಎತ್ತರದಲ್ಲಿದೆ ಅಂದುಕೊಂಡರೆ, 1 ಜಿ ಬ್ರೇಕಿಂಗ್‌ನಲ್ಲಿ ಒಟ್ಟು ತೂಕದ ಶೇ. 20 ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ನಿಂತಾಗ ಅರ್ಧ ಅರ್ಧ ಇದ್ದದ್ದು 70-30 ಆಗುತ್ತೆ. ಬ್ರೇಕ್ ಬಲವೂ ಅದೇ ಪ್ರಮಾಣದಲ್ಲಿ ಹಂಚಿಕೆಯಾದರೆ ನಾಲ್ಕೂ ಟೈರು ಪೂರ್ತಿ ದುಡಿಯುತ್ತವೆ. ಈಗ ನೀವು ಚೆಂದಕ್ಕೆ ಅಂತ ಮುಂದೆ ಮಾತ್ರ ದೊಡ್ಡ ಕಿಟ್ ಹಾಕಿಸಿ, ಹಿಂದೆ ಹಳೆಯದನ್ನೇ ಬಿಟ್ಟರೆ ಮುಂದಿನ ಚಕ್ರ ಬೇಗ ಲಾಕ್ ಆಗುತ್ತೆ, ಹಿಂದಿನದು ಆರಾಮಾಗಿ ಕೂತಿರುತ್ತೆ. ನಿಲ್ಲುವ ದೂರ ಕಡಿಮೆಯಾಗೋ ಬದಲು ಜಾಸ್ತಿ ಆಗಬಹುದು! ಸಾವಿರಾರು ರೂಪಾಯಿ ಕೊಟ್ಟು ಬ್ರೇಕ್ ಹಾಳು ಮಾಡಿಸಿಕೊಂಡ ಹಾಗೆ. ಅದಕ್ಕೇ 1.6 ಕಾರಿನವರಿಗೆ ನಮ್ಮ ಓಟು 1.8ರ ಸೆಟ್‌ಗೆ, ಮುಂದಿನದು ಹಿಂದಿನದು ಎರಡೂ ಸೇರಿ. ಬ್ಯಾಲೆನ್ಸ್ ಲೆಕ್ಕವನ್ನು ಕಂಪನಿಯ ಎಂಜಿನಿಯರ್‌ಗಳು ಆಗಲೇ ಮಾಡಿಟ್ಟಿದ್ದಾರೆ.

ಉಳಿದದ್ದು ಚುಟುಕಾಗಿ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಪೆಡಲ್ ಗಟ್ಟಿ ಅನ್ನಿಸುತ್ತೆ, ಒಳ್ಳೆಯದೇ. ತೂತು ಕೊರೆದ ಡಿಸ್ಕ್ ನೋಡೋಕೆ ಚೆಂದ, ಟ್ರ್ಯಾಕಿನಲ್ಲಿ ಆ ತೂತುಗಳಿಂದಲೇ ಬಿರುಕು ಶುರುವಾಗುತ್ತೆ. ಗಾಳಿ ಬಿಡುವ ಪೈಪನ್ನು ಡಿಸ್ಕ್‌ನ ನಡುವಿಗೆ ತಂದರೆ ಒಳಗಿನ ರೆಕ್ಕೆಗಳು ಫ್ಯಾನಿನ ಹಾಗೆ ಗಾಳಿಯನ್ನು ಹೊರಕ್ಕೆ ದೂಡುತ್ತವೆ, ಕಡಿಮೆ ದುಡ್ಡಿಗೆ ಹೆಚ್ಚು ಕೆಲಸ.

ಇಷ್ಟೆಲ್ಲ ಓದಿ, ನಮಗೇನು, ನಮ್ಮ ಹತ್ತಿರ ಇರೋದು ಅಪ್ಪನ ಹ್ಯಾಚ್‌ಬ್ಯಾಕು ಅಂತೀರಾ? ಅಲ್ಲೇ ನಮಗೆ ಭಯ ಇರೋದು. ನಾಲ್ಕು ಜನ ಕೂತ 1300 ಕೆ.ಜಿ. ಕಾರು ಘಾಟಿಯಲ್ಲಿ 500 ಮೀಟರ್ ಎತ್ತರದಿಂದ ಇಳಿದರೆ ಹೊರಹೋಗಬೇಕಾದ ಶಕ್ತಿ 6.4 ಮೆಗಾಜೂಲ್. ಮೇಲೆ ಹೇಳಿದ 160ರಿಂದ 60ರ ಬ್ರೇಕಿಂಗ್ ಇದೆಯಲ್ಲ, ಅಂಥ ಏಳು ಬ್ರೇಕಿಂಗ್‌ಗೆ ಸಮ. ಸೆಕೆಂಡ್ ಗೇರಿನಲ್ಲಿ ಇಳಿದರೆ ಎಂಜಿನ್ ಅದರಲ್ಲಿ ದೊಡ್ಡ ಪಾಲು ಹೊತ್ತುಕೊಳ್ಳುತ್ತೆ. ಪೆಟ್ರೋಲ್ ಉಳಿಸೋಕೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯೋರ ಕಾರಿನಲ್ಲಿ ಹೆಚ್ಚುಕಮ್ಮಿ ಎಲ್ಲ ಬ್ರೇಕಿನ ತಲೆ ಮೇಲೆ. ಚಾರ್ಮಾಡಿ ಆಗಲಿ ಆಗುಂಬೆ ಆಗಲಿ, ಟ್ರ್ಯಾಕಿನ ಹಾಗೆ ಅಲ್ಲಿ ಜಲ್ಲಿ ತುಂಬಿದ ಜಾಗ ಇರಲ್ಲ, ತಡೆಗೋಡೆ ಆಚೆ ಕಣಿವೆ. ಆ ಕಾರಿನ ಆಯಿಲ್ ಕೊನೆಯ ಸಲ ಬದಲಾದದ್ದು ಯಾವಾಗ ಅಂತ ಮನೆಯಲ್ಲಿ ಕೇಳಿ ನೋಡಿ. ಎಂಜಿನ್ ಆಯಿಲ್‌ನ ತಾರೀಖು ಎಲ್ಲರಿಗೂ ಬಾಯಿಪಾಠ, ಇದರ ತಾರೀಖು ಯಾರಿಗೂ ಗೊತ್ತಿರಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹಲವು ಕಂಪನಿಗಳ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತೆ.

ಇದರ ಮಧ್ಯೆ ಹೊಸ ಶೋಕಿ ಒಂದು ಬಂದಿದೆ. ಕ್ಯಾಲಿಪರ್ ಮೇಲೆ ಅಂಟಿಸುವ ಕೆಂಪು ಪ್ಲಾಸ್ಟಿಕ್ ಕವರು. ಆರು ಪಿಸ್ಟನ್ ಇದ್ದ ಹಾಗೆ ಕಾಣುತ್ತೆ, ಒಳಗಿರೋದು ಕಂಪನಿಯ ಒಂದು ಪಿಸ್ಟನ್ನೇ. ಗಾಳಿಯಾಡಬೇಕಾದ ಜಾಗಕ್ಕೆ ಸ್ವೆಟರ್ ತೊಡಿಸಿದ ಹಾಗೆ. ಪಾರ್ಕಿಂಗ್‌ನಲ್ಲಿ ನಾವು ಇಂಥದ್ದನ್ನು ಒಂದಲ್ಲ ನಾಲ್ಕು ಕಾರಿನಲ್ಲಿ ನೋಡಿದ್ದೇವೆ. ಯಾರದು ಅಂತ ಹೇಳಲ್ಲ, ದಯವಿಟ್ಟು ಕಿತ್ತುಹಾಕಿ. ನಿಜವಾದ ಕಿಟ್ ಹಾಕಿಸುವ ಪ್ಲಾನ್ ಇದ್ದವರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಮ್ಮೆ ಓದಿಕೊಳ್ಳಿ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಮಾರ್ಪಾಡಿನ ಬಗ್ಗೆ ಅದರಲ್ಲಿ ಇದೆ.

ನಮ್ಮ ವಯಸ್ಸಿನವರೇ ಕಾರು ಕಟ್ಟಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುವ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲಿ ಒಂದು ಬ್ರೇಕ್ ಟೆಸ್ಟ್ ಇದೆ. ವೇಗ ತಗೊಂಡು ಬಂದು ಒತ್ತಬೇಕು, ನಾಲ್ಕೂ ಚಕ್ರ ಲಾಕ್ ಆಗಬೇಕು. ಆಗದಿದ್ದರೆ ಎಂಜಿನ್ ಎಷ್ಟೇ ಜೋರಿದ್ದರೂ ಓಟಕ್ಕೆ ಇಳಿಸಲ್ಲ. ಎರಡು ಪ್ರತ್ಯೇಕ ಹೈಡ್ರಾಲಿಕ್ ಸರ್ಕ್ಯೂಟ್ ಇರಲೇಬೇಕು. ಪೆಡಲ್ 2000 ನ್ಯೂಟನ್ ಬಲ ತಡೆಯಬೇಕು. ಇಷ್ಟು ಕೇಳುವ ರೂಲ್‌ಬುಕ್ ಕ್ಯಾಲಿಪರ್ ಬಣ್ಣ ಕೇಳಲ್ಲ.

ಇದನ್ನು ಬರೆಯುವಾಗ ನಮ್ಮೈದು ಜನರಲ್ಲಿ ಒಂದು ಜಗಳ ಮಾತ್ರ ಬಗೆಹರಿಯಲಿಲ್ಲ. ವರ್ಷಕ್ಕೆ ಎರಡೇ ಸಲ ಟ್ರ್ಯಾಕಿಗೆ ಹೋಗುವವರು ಅಲ್ಲಿ ಪ್ಯಾಡ್ ಬದಲಾಯಿಸುವ ಗೋಜಿಗೆ ಹೋಗಬೇಕಾ, ಅಥವಾ ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುವ ಮಧ್ಯಮ ಪ್ಯಾಡ್ ಹಾಕಿ, ಐದು ಸುತ್ತಿಗೊಮ್ಮೆ ನಿಧಾನಕ್ಕೆ ಒಂದು ಸುತ್ತು ಹಾಕಿ ಆರಿಸಿಕೊಂಡರೆ ಸಾಕಾ? ಮೂವರು ಬದಲಾಯಿಸಿ ಅಂತಾರೆ, ಇಬ್ಬರು ಬೇಡ ಅಂತಾರೆ. ನಿಮ್ಮದು ಯಾವ ಕಡೆ ಅಂತ ಮುಂದಿನ ಸಂಚಿಕೆಗೆ ಬರೆದು ಕಳಿಸಿ, ಲೆಕ್ಕದ ಸಮೇತ.