ಹೆಚ್ಚಾದ ಅಕ್ಕಿಯನ್ನು ಯಾರು ಹಿಂದಿರುಗಿಸಬೇಕು?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ತಾಯಿ ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗವನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿ ತಲೆದೂಗಿದ್ದೇವೆ. ಸರ್ಕಾರದ ಬೊಕ್ಕಸದಿಂದ ತಪ್ಪಾಗಿ ಹೊರಹೋದ ಹಣದ ವಸೂಲಿಗೂ ಈ ಪ್ರಸಂಗವೇ ಅಳತೆಗೋಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ವಸೂಲಿ ಮಾಡಲು ಸರ್ಕಾರಕ್ಕೆ ಅಧಿಕಾರದ ಕೊರತೆಯಿಲ್ಲ. ಅನೇಕ ಬಗೆಯ ಬಾಕಿಗಳನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ, ಅಕ್ರಮವಾಗಿ ಗಳಿಸಿದ ಆಸ್ತಿಯ ಜಪ್ತಿಗೆ ದಾರಿ ಮಾಡಿಕೊಟ್ಟಿದೆ. ಆದರೆ ಈ ಅಧಿಕಾರ ಯಾರ ಮೇಲೆ ಬೇಗ ಬೀಳುತ್ತದೆ? ವೇತನ ನಿಗದಿಯಲ್ಲಿ ಕಚೇರಿಯೇ ಮಾಡಿದ ತಪ್ಪಿಗೆ ಗುಮಾಸ್ತ, ಜವಾನ, ನಿವೃತ್ತ ಶಿಕ್ಷಕರ ಸಂಬಳ ಪಿಂಚಣಿಗಳಲ್ಲಿ ಕಡಿತ ಮಾಡಲು ಒಂದು ಆದೇಶ ಹೊರಡಿಸಿದರಾಯಿತು. ಕಂತು ಕಟ್ಟಿ, ಮಕ್ಕಳನ್ನು ಓದಿಸಿ ಖರ್ಚಾಗಿ ಹೋದ ಹಣವನ್ನು ಅವರು ಎಲ್ಲಿಂದ ತರಬೇಕು?

ಈ ಸಂಕಟವನ್ನು ಸುಪ್ರೀಂ ಕೋರ್ಟ್ ಗುರುತಿಸಿತು. ಪಂಜಾಬ್ ಸರ್ಕಾರದ ಪ್ರಕರಣವೊಂದರಲ್ಲಿ 2014ರ ಡಿಸೆಂಬರ್ 18ರಂದು ನೀಡಿದ ತೀರ್ಪಿನಲ್ಲಿ, ಇಲಾಖೆಯ ತಪ್ಪಿನಿಂದ ಹೆಚ್ಚುವರಿ ಪಾವತಿಯಾದಾಗ ಯಾರಿಂದ ವಸೂಲಿ ಮಾಡಬಾರದು ಎಂದು ಪಟ್ಟಿ ಮಾಡಿತು. ಗ್ರೂಪ್ ‘ಸಿ’ ಮತ್ತು ‘ಡಿ’ ನೌಕರರು, ನಿವೃತ್ತರು, ಒಂದು ವರ್ಷದೊಳಗೆ ನಿವೃತ್ತರಾಗುವವರು ಅದರಲ್ಲಿದ್ದಾರೆ. ಐದು ವರ್ಷಕ್ಕೂ ಮಿಕ್ಕಿ ನಡೆದುಬಂದ ಪಾವತಿಯನ್ನೂ ಕೇಳುವಂತಿಲ್ಲ. ಕೇರಳದ ನಿವೃತ್ತ ಶಿಕ್ಷಕರೊಬ್ಬರ ಪ್ರಕರಣದಲ್ಲಿ 2022ರ ಮೇ ತಿಂಗಳಿನಲ್ಲಿ ಕೋರ್ಟ್ ಇದೇ ನಿಲುವನ್ನು ಎತ್ತಿಹಿಡಿಯಿತು. ಮೋಸ ಮಾಡಿ ಪಡೆದವರಿಗೆ ಈ ರಕ್ಷಣೆಯಿಲ್ಲ. ತಿಳಿದು ತೆಗೆದುಕೊಂಡವನು ಬೇರೆ, ಕೊಟ್ಟದ್ದನ್ನು ನಂಬಿ ಪಡೆದವನು ಬೇರೆ ಎಂಬ ಈ ವಿವೇಕ ಆಡಳಿತಕ್ಕೆ ಇನ್ನೂ ಪೂರ್ತಿ ಬಂದಿಲ್ಲ.

2024ರ ಎರಡು ಘಟನೆಗಳನ್ನು ನೋಡಿ. ಆ ವರ್ಷದ ಮೇ ತಿಂಗಳಿನಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಿಂದ 80 ಕೋಟಿ ರೂಪಾಯಿಗೂ ಮಿಕ್ಕ ಹಣ ಅಕ್ರಮವಾಗಿ ಬೇರೆ ಖಾತೆಗಳಿಗೆ ಹೋದದ್ದು ಬೆಳಕಿಗೆ ಬಂತು. ಅದೂ ಲೆಕ್ಕಪತ್ರ ಪರಿಶೋಧನೆಯಿಂದಲ್ಲ, ಪ್ರಾಣ ಕಳೆದುಕೊಂಡ ನೌಕರರೊಬ್ಬರ ಪತ್ರದಿಂದ. ಅದೇ ನವೆಂಬರ್‌ನಲ್ಲಿ ಅನರ್ಹ ಬಿಪಿಎಲ್ ಕಾರ್ಡ್‌ಗಳನ್ನು ತೆಗೆಯುವ ಕೆಲಸ ನಡೆದು, ಬಡವರ ಕಾರ್ಡೂ ರದ್ದಾಗಿ ಕೂಗೆದ್ದಿತು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡನ್ನು ಮರಳಿ ಕೊಡಲು ಸರ್ಕಾರ ಹೇಳಬೇಕಾಯಿತು. ಅನರ್ಹರು ಕಾರ್ಡ್ ಬಿಡಬೇಕು, ನಿಜ. ಆದರೆ ಕೇಳಿ ತಿಳಿಯುವ ಮೊದಲೇ ಬಡವರ ತಟ್ಟೆಗೆ ಕೈಹಾಕುವುದು ನ್ಯಾಯವಲ್ಲ.

ಆದ್ದರಿಂದ ವಸೂಲಿಗೆ ಒಂದು ಕ್ರಮವಿರಲಿ. ಮೊದಲು ಮೋಸ ಮಾಡಿದವರ ಆಸ್ತಿ, ನಂತರ ಕಣ್ಣುಮುಚ್ಚಿ ಸಹಿ ಹಾಕಿದ ಅಧಿಕಾರಿಯ ಹೊಣೆ. ತಿಳಿಯದೆ ಪಡೆದವರಿಗೆ ನೋಟಿಸು ಕೊಟ್ಟು, ಅವರ ಮಾತು ಕೇಳಿ, ಕಷ್ಟವಿದ್ದರೆ ಮನ್ನಾ ಮಾಡಲಿ.

ಇಷ್ಟು ಹೇಳಿ ನಾವು ಸುಮ್ಮನಿರುವಂತಿಲ್ಲ. ನಮ್ಮ ಮಠಗಳೂ ಹಲವು ವರ್ಷಗಳಿಂದ ಬಜೆಟ್ ಅನುದಾನ ಪಡೆಯುತ್ತಿವೆ. ಆ ಅನುದಾನಕ್ಕೂ ಶೇಕಡ 30ರಷ್ಟು ಕಮಿಷನ್ ಕೊಡಬೇಕು ಎಂದು 2022ರಲ್ಲಿ ಮಠಾಧೀಶರೊಬ್ಬರೇ ಬಹಿರಂಗವಾಗಿ ಆರೋಪಿಸಿದರು. ಕೇಳುವವರು ಇದ್ದಾರೆಂದರೆ ಕೊಡುವವರೂ ಇದ್ದಾರೆ ಎಂದೇ ಅರ್ಥವಲ್ಲವೇ? ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಬಗ್ಗೆ ಚಾಡಿ ಹುಟ್ಟಿದಾಗ ಅವರು ಲೆಕ್ಕ ಒಪ್ಪಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಹೆಸರು ಹೇಳುವ ಮಠವೊಂದು ತಾನು ಪಡೆದ ಸರ್ಕಾರಿ ಹಣ ಎಷ್ಟು, ಖರ್ಚಾದದ್ದು ಎಲ್ಲಿ, ಉಳಿದದ್ದು ಎಷ್ಟು ಎಂದು ಬಾಗಿಲ ಬಳಿ ಫಲಕ ಹಾಕಲು ಅಂಜಬೇಕಾಗಿಲ್ಲ. ಉಳಿದ ಹಣವಿದ್ದರೆ, ನೋಟಿಸು ಬರುವ ಮುನ್ನವೇ ಅದನ್ನು ಸರ್ಕಾರಕ್ಕೆ ಮರಳಿಸಲಿ. ಬರುವ ಬಸವ ಜಯಂತಿಯಂದು ಒಂದು ಮಠವಾದರೂ ಈ ಲೆಕ್ಕವನ್ನು ಭಕ್ತರೆದುರು ಓದಲಿ ಎಂದು ಪೂಜ್ಯರಲ್ಲಿ ನನ್ನ ವಿನಂತಿ.